ಕಾಣಿಕೆಯ ಚಿತ್ರಗಳು: ನಿರೀಕ್ಷೆ ಮತ್ತು ಆಸ್ವಾದ

ಹಿಂದಿನ ಕಾಲದ ಒಂದು ಚಿತ್ರಪ್ರಕಾರವನ್ನೋ ಒಬ್ಬ ನಿರ್ದೇಶಕನ ರೀತಿಯನ್ನೋ ಬೇಕೆಂದೇ ನೆನಪಿಗೆ ತಂದು, ಅದರ ವೇಷಭೂಷಣಗಳನ್ನು ತೊಟ್ಟು, ಅದಕ್ಕೆ ಗೌರವವನ್ನು ಸಲ್ಲಿಸುವ ಉದ್ದೇಶದಿಂದ ತಯಾರಾಗುವ ಚಲಚ್ಚಿತ್ರಗಳು ಪಾಶ್ಚಾತ್ಯ ದೇಶಗಳಲ್ಲಿ ಈಗ ಒಂದು ದೊಡ್ಡ ಸಮೂಹವಾಗಿ ಬೆಳೆದಿವೆ. ಇವುಗಳನ್ನು ಈ ಲೇಖನದಲ್ಲಿ ಕಾಣಿಕೆಯ ಚಿತ್ರಗಳೆಂದು ಕರೆಯುತ್ತೇವೆ. ಅನುಕರಣವೆಂಬ ಮಾತಿಗೆ ಹೀನಾರ್ಥದ ಛಾಯೆಯುಂಟು. ಅಣಕವೆಂದರೆ ಗೌರವದ ಅಂಶವು ಬಿಟ್ಟುಹೋಗುವುದು. ಇಂತಹ ಚಿತ್ರಗಳ ಗುಣದೋಷಗಳನ್ನು ನಿರ್ಣಯಿಸುವುದು ಹೇಗೆ ಎಂಬ ವಿಷಯದಲ್ಲಿ ವಿಮರ್ಶಕರು ಎರಡು ಪಕ್ಷವಾಗಿ ನಿಂತಿರುವರು. ಯಾವ ಪ್ರಕಾರಕ್ಕೆ ಕಾಣಿಕೆಯೆಂದು ಚಿತ್ರವು ಹೊರಟಿದೆಯೋ ಆ ಪ್ರಕಾರದ ಲಕ್ಷಣಗಳನ್ನು ಬಲ್ಲವನೇ ಅಧಿಕಾರಿ, ಆತನ ಮನಸ್ಸಿನಲ್ಲಿ ಮೊದಲೇ ಇರುವ ನಿರೀಕ್ಷೆಯನ್ನು ಚಿತ್ರವು ಎಷ್ಟರಮಟ್ಟಿಗೆ ಸಲ್ಲಿಸಿತು ಎಂಬುದೇ ಅಳತೆಗೋಲು ಎಂದು ಒಂದು ಪಕ್ಷದವರ ವಾದ. ಕತ್ತಲೆಯ ಮಂದಿರದಲ್ಲಿ ಎರಡು ಗಂಟೆಗಳ ಕಾಲ ಕುಳಿತವನಿಗೆ ಸಂತೋಷವಾಯಿತೋ ಇಲ್ಲವೋ, ಅಷ್ಟನ್ನು ಹೇಳಿದರೆ ಸಾಕು, ಮಿಕ್ಕದ್ದೆಲ್ಲ ಪಾಂಡಿತ್ಯದ ಒಣ ಹೆಮ್ಮೆ ಎಂದು ಇನ್ನೊಂದು ಪಕ್ಷದವರ ವಾದ.

ಈ ವ್ಯಾಜ್ಯವನ್ನು ಪತ್ರಿಕೆಗಳ ಚಿತ್ರವಿಮರ್ಶಕರಿಗೆ ಬಿಟ್ಟು ಸಾಹಿತ್ಯದ ಉಪಾಧ್ಯಾಯರು ಸುಮ್ಮನಿರಬಹುದೆಂದು ತೋರಬಹುದು. ಹಾಗಲ್ಲ. ಪೂರ್ವಕೃತಿಯನ್ನು ಓದದ ವಿದ್ಯಾರ್ಥಿಯು ಉತ್ತರಕೃತಿಯಿಂದ ತನಗಾದ ಆನಂದವನ್ನು ತೊದಲುತ್ತ ಹೇಳಿದಾಗ, ಪೂರ್ವಕೃತಿಯ ಹೆಸರನ್ನೆತ್ತಿ ಆತನ ಬಾಯಿ ಮುಚ್ಚಿಸುವ ಉಪಾಧ್ಯಾಯನು ಮೊದಲನೆಯ ಪಕ್ಷದವನು. ‘ನಿನಗೆ ಹಿಡಿಸಿತೇ? ಸರಿ’ ಎಂದು ಪಾಠವನ್ನು ಮುಗಿಸುವವನು ಎರಡನೆಯ ಪಕ್ಷದವನು. ಒಬ್ಬನು ಆಸ್ವಾದವನ್ನು ಕೊಲ್ಲುವನು; ಮತ್ತೊಬ್ಬನಿಗೆ ಕಲಿಸಲು ಏನೂ ಉಳಿಯುವುದಿಲ್ಲ. ಚಲಚ್ಚಿತ್ರದಲ್ಲಿ ಈ ತೊಡಕು ಹೆಚ್ಚು ನಿಚ್ಚಳವಾಗಿ ಕಾಣುವುದರಿಂದ ಅಲ್ಲಿಯೇ ಅದನ್ನು ಪರೀಕ್ಷಿಸುವುದು ಲೇಸು.

ಅಭಿನವಗುಪ್ತನು ನಾಟ್ಯಶಾಸ್ತ್ರದ ವ್ಯಾಖ್ಯಾನದಲ್ಲಿ ರಸಾಸ್ವಾದಕ್ಕೆ ಅಡ್ಡಿಯಾಗುವ ಏಳು ವಿಘ್ನಗಳನ್ನು ಎಣಿಸಿದ್ದಾನೆ. ಅವುಗಳಲ್ಲಿ ಒಂದು ನಿಜಸುಖಾದಿವಿವಶೀಭಾವ, ಎಂದರೆ ಪ್ರೇಕ್ಷಕನು ತನ್ನ ಸ್ವಂತದ ಸುಖದುಃಖಗಳಿಗೆ ವಶನಾಗಿ ಕುಳಿತಿರುವುದು. ಇನ್ನೊಂದು ಪ್ರತೀತ್ಯುಪಾಯವೈಕಲ್ಯ, ಎಂದರೆ ಅರಿವಿಗೆ ಬೇಕಾದ ಸಾಧನಗಳೇ ಕೊರತೆಯಾಗಿರುವುದು. ಹುಡುಗತನದಲ್ಲಿ ಮೆಚ್ಚಿದ ಹಳೆಯ ಚಿತ್ರಗಳ ನೆನಪನ್ನು ಎದೆಗೊತ್ತಿಕೊಂಡು, ಹೊಸ ಚಿತ್ರವು ಆ ನೆನಪಿನಂತೆಯೇ ಇಲ್ಲವಲ್ಲ ಎಂದು ಮುನಿಯುವವನು ಮೊದಲ ವಿಘ್ನಕ್ಕೆ ಸಿಕ್ಕಿದವನು. ತೆರೆಯ ಮೇಲಿನ ಒಂದು ಸನ್ನೆಯು ಯಾವುದರ ಸನ್ನೆಯೆಂದೇ ತಿಳಿಯದೆ ‘ಇದೇನು ವಿಚಿತ್ರ’ ಎಂದು ಆಕಳಿಸುವವನು ಎರಡನೆಯದಕ್ಕೆ ಸಿಕ್ಕಿದವನು. ಅರಿವು ಅತಿಯಾದರೂ ಕೆಡುಕು, ಕೊರತೆಯಾದರೂ ಕೆಡುಕು ಎಂದು ಇಲ್ಲಿಯೇ ಮಾತನ್ನು ನಿಲ್ಲಿಸಬಹುದಾಗಿತ್ತು. ಆದರೆ ಕಾಣಿಕೆಯ ಚಿತ್ರದ ವಿಷಯ ಅಷ್ಟು ಸುಲಭವಾಗಿಲ್ಲ. ಬೇರೆ ಕೃತಿಗಳಲ್ಲಿ ನಿರೀಕ್ಷೆಯು ಪ್ರೇಕ್ಷಕನು ಹೊರಗಿನಿಂದ ಹೊತ್ತು ತಂದ ಗಂಟು. ಅದನ್ನು ಬಾಗಿಲಲ್ಲಿಯೇ ಇಳಿಸಿ ಬಾ ಎಂದು ಹೇಳಬಹುದು. ಕಾಣಿಕೆಯ ಚಿತ್ರವಾದರೋ ಆ ಗಂಟನ್ನೇ ತನ್ನ ಸಾಮಗ್ರಿಯನ್ನಾಗಿ ಮಾಡಿಕೊಂಡಿರುವುದು. ಕುಂಬಾರನಿಗೆ ಮಣ್ಣು ಹೇಗೋ ಅದಕ್ಕೆ ಪ್ರೇಕ್ಷಕನ ನೆನಪು ಹಾಗೆ. ಆದುದರಿಂದ ನಿರೀಕ್ಷೆಯನ್ನು ಪೂರ್ತಿಯಾಗಿ ತಳ್ಳಿಹಾಕಿದ ಬರಿಯ ಸಂತೋಷವೆಂಬುದು ಇಲ್ಲಿ ಸಿಕ್ಕುವುದೇ ಇಲ್ಲ. ನಮಗೆ ತೋರುವ ಮಟ್ಟಿಗೆ ಕೇಳಬೇಕಾದ ಪ್ರಶ್ನೆ ಬೇರೆ: ಯಾವ ನಿರೀಕ್ಷೆಯನ್ನು ಚಿತ್ರವು ತಾನಾಗಿ ಕರೆದಿದೆ? ಕರೆದದ್ದನ್ನು ಏನು ಮಾಡಿದೆ? ತಾನು ಕರೆದುದಕ್ಕೆ ಮಾತ್ರ ಅದು ಹೊಣೆ. ಜಾಹೀರಾತು ಕರೆದುದಕ್ಕೂ ವಿಮರ್ಶಕನ ಬಾಲ್ಯವು ಕರೆದುದಕ್ಕೂ ಹೊಣೆಯಲ್ಲ.

ಇದಕ್ಕೆ ನಿದರ್ಶನವಾಗಿ ಡಗ್ಲಸ್ ಸರ್ಕನ ಪರಂಪರೆಯನ್ನು ತೆಗೆದುಕೊಳ್ಳೋಣ. ಸರ್ಕನು ಹ್ಯಾಂಬರ್ಗಿನಲ್ಲಿ 1897ರಲ್ಲಿ ಹುಟ್ಟಿ, ಜರ್ಮನಿಯ ನಾಟಕರಂಗದಲ್ಲಿಯೂ ಚಿತ್ರರಂಗದಲ್ಲಿಯೂ ಹೆಸರುಮಾಡಿ, 1937ರಲ್ಲಿ ನಾಜಿಗಳ ದೇಶವನ್ನು ಬಿಟ್ಟು, ಕೊನೆಗೆ ಹಾಲಿವುಡ್ಡನ್ನು ಸೇರಿದವನು. ಅಲ್ಲಿ 1950ರ ದಶಕದಲ್ಲಿ ಆತನು ತೆಗೆದ ಕೌಟುಂಬಿಕ ಕಥೆಗಳನ್ನು ಆ ಕಾಲದ ವಿಮರ್ಶಕರು ಹೆಂಗಸರ ಕಣ್ಣೀರಿನ ಚಿತ್ರಗಳೆಂದು ಹೀಗಳೆದು ಬದಿಗಿಟ್ಟರು; ಅವುಗಳ ಬೆಲೆ ತಿಳಿದುದು ತಡವಾಗಿ. ‘ಆಲ್ ದಟ್ ಹೆವನ್ ಅಲೌಸ್’ (1955) ಎಂಬ ಚಿತ್ರದಲ್ಲಿ ಅನುಕೂಲಸ್ಥಳಾದ ವಿಧವೆಯೊಬ್ಬಳು ತನಗಿಂತ ಕಿರಿಯನಾದ ತೋಟಗಾರನನ್ನು ಪ್ರೀತಿಸುವಳು. ಊರು ಆಡಿಕೊಳ್ಳುವುದು, ಬೆಳೆದ ಮಕ್ಕಳು ಸಿಡಿಮಿಡಿಗೊಳ್ಳುವರು, ಆಕೆ ಪ್ರೀತಿಯನ್ನು ಬಿಟ್ಟುಕೊಡುವಳು. ಕ್ರಿಸ್‌ಮಸ್ಸಿನ ದಿನ ಮಕ್ಕಳು ತಾಯಿಯ ಒಂಟಿತನಕ್ಕೆ ಮದ್ದೆಂದು ಒಂದು ಟೆಲಿವಿಷನ್ ಪೆಟ್ಟಿಗೆಯನ್ನು ಉಡುಗೊರೆಯಾಗಿ ತರುವರು. ಇನ್ನೂ ಬೆಳಗದ ಆ ಗಾಜಿನಲ್ಲಿ ಆಕೆಯ ಮುಖವೇ ಮಸುಕಾಗಿ ಮೂಡುವುದು. ಬಂದಿಯನ್ನು ಪೆಟ್ಟಿಗೆಯೊಳಗೆ ಇಟ್ಟು ತೋರಿಸಿದ ಹಾಗೆ! ಇಡೀ ಕಥೆಯ ಕ್ರೌರ್ಯವನ್ನು ಆ ಒಂದು ಪ್ರತಿಬಿಂಬವು ಹೇಳುವುದು.

ಇದೇ ಕಥೆಯ ಎಳೆಯನ್ನು ಹಿಡಿದು ಜರ್ಮನಿಯ ಫಾಸ್‌ಬಿಂಡರ್ 1974ರಲ್ಲಿ ಒಂದು ಚಿತ್ರವನ್ನು ಮಾಡಿದನು. ಇಂಗ್ಲಿಷಿನಲ್ಲಿ ಅದಕ್ಕೆ ‘ಆಲಿ: ಫಿಯರ್ ಈಟ್ಸ್ ದಿ ಸೋಲ್’ ಎಂದು ಹೆಸರು. ಸರ್ಕನ ಬಗೆಗೆ ಪ್ರೀತಿ ಉಕ್ಕುವ ಒಂದು ಪ್ರಬಂಧವನ್ನು ಆತನು ಅದಕ್ಕೆ ಮೊದಲೇ, 1971ರಲ್ಲಿ, ಬರೆದಿದ್ದನು. ಆದರೆ ಚಿತ್ರದಲ್ಲಿ ಸರ್ಕನ ಹೊಳಪಾಗಲಿ, ಉಡುಪಾಗಲಿ, ಅನುಕೂಲಸ್ಥರ ಮನೆಗಳಾಗಲಿ ಯಾವುದೂ ಇಲ್ಲ. ಮ್ಯೂನಿಕ್ ನಗರದಲ್ಲಿ ಕಸ ಗುಡಿಸಿ ಜೀವಿಸುವ ಮುದುಕಿ ಎಮ್ಮಿ. ಮೊರಾಕೋದಿಂದ ಕೂಲಿಗೆ ಬಂದ ಆಲಿ. ಮದುವೆಯ ಸುದ್ದಿಯನ್ನು ತಿಳಿಸಲು ಎಮ್ಮಿ ತನ್ನ ಮಕ್ಕಳನ್ನು ಕರೆಯಿಸಿದಾಗ, ಒಬ್ಬ ಮಗನು ಮಾತಿಲ್ಲದೆ ಎದ್ದು ಟೆಲಿವಿಷನ್ ಪೆಟ್ಟಿಗೆಯನ್ನು ಒದ್ದು ಒಡೆಯುವನು. ಸರ್ಕನ ಚಿತ್ರವನ್ನು ಬಲ್ಲವನಿಗೆ ಇಲ್ಲಿ ಒಂದು ಮಿಂಚು ಹೊಳೆಯುವುದು: ಅಲ್ಲಿ ಮಕ್ಕಳು ತಂದುಕೊಟ್ಟ ಪೆಟ್ಟಿಗೆಯನ್ನು ಇಲ್ಲಿ ಮಕ್ಕಳೇ ಒದೆಯುತ್ತಿದ್ದಾರೆ, ಅಲ್ಲಿ ನಯದ ಹಿಂದೆ ಅಡಗಿದ್ದುದು ಇಲ್ಲಿ ಕಾಲಿನ ತುದಿಗೆ ಬಂದಿದೆ. ಬಲ್ಲದವನಿಗೋ? ಅವನಿಗೂ ಏನೂ ನಷ್ಟವಿಲ್ಲ. ತಾಯಿಯೊಬ್ಬಳ ಮುಂದೆ ಮಗನೊಬ್ಬನು ಹೀಗೆ ನಡೆದುಕೊಂಡುದನ್ನು ನೋಡಿ ಮನಸ್ಸು ಕಲಕಲು ಯಾವ ಪೂರ್ವಪರಿಚಯವೂ ಬೇಕಾಗಿಲ್ಲ.

ಆನಂದವರ್ಧನನು ಧ್ವನ್ಯಾಲೋಕದ ನಾಲ್ಕನೆಯ ಉದ್ದ್ಯೋತದಲ್ಲಿ ಕವಿಗಳ ನಡುವಣ ಹೋಲಿಕೆಯನ್ನು ಮೂರು ಬಗೆಯಾಗಿ ವಿಂಗಡಿಸಿರುವುದನ್ನು ವಾಚಕರು ಬಲ್ಲರು. ಕನ್ನಡಿಯ ಪ್ರತಿಬಿಂಬದಂತಹುದು ಒಂದು, ಬರೆದ ಚಿತ್ರದಂತಹುದು ಒಂದು, ಒಬ್ಬ ಮನುಷ್ಯನನ್ನು ಇನ್ನೊಬ್ಬ ಮನುಷ್ಯನು ಹೋಲುವಂತಹುದು ಒಂದು. ಮೊದಲಿನದಕ್ಕೆ ತನ್ನದೆಂಬ ಆತ್ಮವಿಲ್ಲ. ಎರಡನೆಯದರ ಆತ್ಮವು ತುಚ್ಛವಾದುದು. ಮೂರನೆಯದನ್ನು ಕವಿಯು ಬಿಡಬೇಕಾಗಿಲ್ಲ, ಏಕೆಂದರೆ ಅಲ್ಲಿ ಹೋಲಿಕೆಯಿದ್ದರೂ ಜೀವವು ಬೇರೆ. ನಮ್ಮ ಸಾಹಿತ್ಯದಲ್ಲಿ ಇದಕ್ಕೆ ಉದಾಹರಣೆಯನ್ನು ದೂರ ಹುಡುಕಬೇಕಾಗಿಲ್ಲ. ರನ್ನನ ಗದಾಯುದ್ಧವು ಪಂಪಭಾರತದ ಹದಿಮೂರನೆಯ ಆಶ್ವಾಸಕ್ಕೆ ಎಷ್ಟು ಋಣಿಯೆಂಬುದನ್ನು ತೋರಿಸಿದ ವಿದ್ವಾಂಸರೇ, ರನ್ನನ ದುರ್ಯೋಧನನು ಪಂಪನ ದುರ್ಯೋಧನನಲ್ಲವೆಂಬುದನ್ನೂ ಒಪ್ಪುವರು. ಫಾಸ್‌ಬಿಂಡರನದು ಈ ಮೂರನೆಯ ಬಗೆಯ ಕಾಣಿಕೆ. ಇನ್ನು ಕನ್ನಡಿಯ ಬಗೆಗೆ, ಹಿಚ್‌ಕಾಕನ ‘ಸೈಕೋ’ (1960) ಚಿತ್ರವನ್ನು ಗಸ್ ವ್ಯಾನ್ ಸ್ಯಾಂಟ್ 1998ರಲ್ಲಿ ಹೆಚ್ಚುಕಡಿಮೆ ದೃಶ್ಯಕ್ಕೆ ದೃಶ್ಯವಾಗಿ ಬಣ್ಣದಲ್ಲಿ ಮತ್ತೆ ತೆಗೆದುದನ್ನು ಹೆಸರಿಸಿದರೆ ಸಾಕು. ಅದನ್ನು ಕುರಿತು ಹೆಚ್ಚು ಹೇಳಬೇಕಾದುದಿಲ್ಲ. ತೊಡಕಿರುವುದೆಲ್ಲ ನಡುವಣ ಬಗೆಯಲ್ಲಿ, ಬರೆದ ಚಿತ್ರದಂತಹ ಹೋಲಿಕೆಯಲ್ಲಿ. ಅಲ್ಲಿ ಆಚಾರ್ಯನ ತೀರ್ಪು ತುಸು ಕಠಿನವಾಯಿತೆಂದು ನಮಗೆ ತೋರುವುದು.

ಟಾಡ್ ಹೇನ್ಸ್ 2002ರಲ್ಲಿ ತೆಗೆದ ‘ಫಾರ್ ಫ್ರಮ್ ಹೆವನ್’ ಎಂಬುದು ಸರ್ಕನ ಉಡುಪನ್ನು ಗುಂಡಿಗಳ ಸಮೇತ ತೊಟ್ಟ ಚಿತ್ರ. ಕಾಲ 1957, ಸ್ಥಳ ಕನೆಕ್ಟಿಕಟ್ಟಿನ ಹಾರ್ಟ್‌ಫರ್ಡ್. ಕ್ಯಾಮರಾ ಶರತ್ಕಾಲದ ಎಲೆಗಳ ನಡುವಿನಿಂದ ಊರಿಗೆ ಇಳಿಯುವುದು, ಎಲ್ಮರ್ ಬರ್ನ್‌ಸ್ಟೈನನ ತುಂಬುವಾದ್ಯದ ಸಂಗೀತ, ಕೆಂಪು ಕಿತ್ತಳೆ ನೀಲಿಗಳ ಉಕ್ಕು, ನಗುನಗುತ್ತ ಆಡುವ ಅಚ್ಚುಕಟ್ಟಾದ ಮಾತುಗಳು ಇವೆಲ್ಲವೂ ಐವತ್ತರ ದಶಕದವು. ಇಷ್ಟೇ ಆಗಿದ್ದರೆ ಆನಂದವರ್ಧನನ ತುಚ್ಛವೆಂಬ ಮಾತು ನ್ಯಾಯವಾಗುತ್ತಿತ್ತು. ಆದರೆ ಗೃಹಿಣಿಯಾದ ಕ್ಯಾಥಿಯ ಗಂಡನು ಗಂಡಸರನ್ನು ಪ್ರೀತಿಸುವವನು. ಆಕೆಯ ಮನಸ್ಸು ನೆಮ್ಮದಿಯನ್ನು ಕಾಣುವುದು ಕರಿಯ ಜನಾಂಗದ ತೋಟಗಾರ ರೇಮಂಡನ ಸ್ನೇಹದಲ್ಲಿ. ಅಮೆರಿಕಾದಲ್ಲಿ 1934ರಿಂದ ಬಿಗಿಯಾಗಿ ಜಾರಿಯಲ್ಲಿದ್ದ ಚಿತ್ರನಿರ್ಮಾಣದ ನಿಯಮಾವಳಿಯು ಸಲಿಂಗಪ್ರೇಮವನ್ನು ತೆರೆಯ ಮೇಲೆ ತರಗೊಡುತ್ತಿರಲಿಲ್ಲ. ಆ ಕಟ್ಟು ಸ್ವಲ್ಪ ಸಡಿಲಿದುದು 1961ರಲ್ಲಿ. ಹೀಗಾಗಿ ಸರ್ಕನು ಹೇಳಲಾರದೆ ಬಿಟ್ಟುದನ್ನು, ಸರ್ಕನ ಭಾಷೆಯಲ್ಲಿಯೇ, ಆ ಭಾಷೆಯ ಮರ್ಯಾದೆಯನ್ನು ಮೀರದೆ ಹೇಳುವುದು ಹೇನ್ಸನ ಹಟ. ವೈದ್ಯನನ್ನು ಕಂಡು ಹಿಂದಿರುಗುವಾಗ ಗಂಡನ ಬಾಯಿಂದ ಒಂದು ಒರಟು ಬಯ್ಗುಳವು ಹೊರಬೀಳುವುದು. ಇಂದಿನ ಬೇರೆ ಯಾವ ಚಿತ್ರದಲ್ಲಿಯೂ ಆ ಶಬ್ದವನ್ನು ಯಾರೂ ಗಮನಿಸುವುದಿಲ್ಲ. ಇಲ್ಲಿ ಅದು ಗಾಜಿನ ಹೂಜಿ ನೆಲಕ್ಕೆ ಬಿದ್ದಂತೆ ಕೇಳಿಸುವುದು. ಏಕೆ? ಇಂತಹ ಚಿತ್ರದಲ್ಲಿ ಇಂತಹ ಮಾತು ಬಾರದು ಎಂಬ ನಿರೀಕ್ಷೆಯನ್ನು ಚಿತ್ರವೇ ನಮ್ಮಲ್ಲಿ ಕಟ್ಟಿ ನಿಲ್ಲಿಸಿರುವುದರಿಂದ. ಗಮನಿಸಬೇಕಾದುದೇನೆಂದರೆ, ಸರ್ಕನ ಹೆಸರನ್ನೇ ಕೇಳದವನಲ್ಲಿಯೂ ಮೊದಲ ಅರ್ಧ ಗಂಟೆಯೊಳಗೆ ಆ ನಿರೀಕ್ಷೆಯು ಕಟ್ಟಿಯಾಗಿರುವುದು. ಬೇಕಾದ ಪೂರ್ವಪರಿಚಯವನ್ನು ಚಿತ್ರವು ತಾನೇ ಮಾಡಿಕೊಡುವುದು. ಪ್ರತೀತಿಯ ಉಪಾಯವನ್ನು ಕೃತಿಯೇ ಒದಗಿಸಿದಲ್ಲಿ ಆ ವಿಘ್ನವು ತಾನಾಗಿ ತೊಲಗುವುದು. ಬರೆದ ಚಿತ್ರವೂ ಉಸಿರಾಡಬಹುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿಯನ್ನು ನಾವು ಕಾಣೆವು.

ಉಸಿರಾಡದ ಚಿತ್ರಕ್ಕೂ ಉದಾಹರಣೆಯುಂಟು. ಸ್ಟೀವನ್ ಸೋಡರ್‌ಬರ್ಗನ ‘ದಿ ಗುಡ್ ಜರ್ಮನ್’ (2006) ಯುದ್ಧವು ಮುಗಿದ 1945ರ ಬರ್ಲಿನ್ನಿನಲ್ಲಿ ನಡೆಯುವ ಕಥೆ. ಅದನ್ನು 1940ರ ದಶಕದ ಸ್ಟುಡಿಯೋ ಚಿತ್ರದಂತೆಯೇ ತೆಗೆಯಬೇಕೆಂದು ನಿರ್ದೇಶಕನು ವ್ರತವನ್ನು ಹಿಡಿದನು. ಕಪ್ಪು ಬಿಳುಪಿನ ಚಿತ್ರ. ಹಳೆಯ ಬಗೆಯ ಮಸೂರಗಳು. ನಟರ ಮೈಮೇಲೆ ಮೈಕನ್ನು ಅಡಗಿಸಿಡದೆ ಕೋಲಿನ ತುದಿಯ ಮೈಕಿನಿಂದಲೇ ಧ್ವನಿಗ್ರಹಣ. ಜಾಹೀರಾತಿನ ಭಿತ್ತಿಪತ್ರವು ‘ಕಾಸಾಬ್ಲಾಂಕಾ’ (1942) ಚಿತ್ರದ ಭಿತ್ತಿಪತ್ರದ ಪ್ರತಿ. ಕೊನೆಯ ದೃಶ್ಯವು ಆ ಚಿತ್ರದ ಕೊನೆಯ ದೃಶ್ಯದಂತೆ ವಿಮಾನನಿಲ್ದಾಣದಲ್ಲಿ. ಅಲ್ಲಿ ನಾಯಕನು ತನ್ನ ಪ್ರೇಮವನ್ನು ತ್ಯಾಗಮಾಡಿ ಎತ್ತರಕ್ಕೇರುವನು. ಇಲ್ಲಿ ನಾಯಕಿಯು ಯಹೂದ್ಯರನ್ನು ನಾಜಿಗಳಿಗೆ ಹಿಡಿದುಕೊಟ್ಟು ತಾನು ಬದುಕಿದಳೆಂಬ ಸಂಗತಿಯು ಹೊರಬೀಳುವುದು. ಕಾಗದದ ಮೇಲೆ ನೋಡಿದರೆ ಇದು ಹೇನ್ಸನದಕ್ಕಿಂತಲೂ ಗಟ್ಟಿಯಾದ ಆಲೋಚನೆ. ಹಳೆಯ ಚಿತ್ರಗಳು ತ್ಯಾಗದ ಕಥೆಯನ್ನು ಹೇಳಿ ಮುಚ್ಚಿಟ್ಟ ಯುದ್ಧದ ಹೇಸಿಗೆಯನ್ನು ಅದೇ ಬೆಳಕಿನಲ್ಲಿ ತೋರಿಸುವುದು ಸಣ್ಣ ಕೆಲಸವಲ್ಲ. ಆದರೂ ಆ ಘಟ್ಟ ಬಂದಾಗ ನಮ್ಮ ಮನಸ್ಸು ಮಿಡಿಯುವುದಿಲ್ಲ. ಈ ಚಿತ್ರದಲ್ಲಿಯೂ ಬಯ್ಗುಳಗಳುಂಟು, ಹೊಡೆತಗಳುಂಟು. ಮೊದಲಿನಿಂದಲೇ ಧಾರಾಳವಾಗಿ ಉಂಟು. ಹಳೆಯ ಉಡುಪನ್ನು ತೊಟ್ಟ ಕೂಡಲೇ ಅದನ್ನು ಹರಿದುಕೊಂಡಮೇಲೆ ಹರಿಯುವ ಸದ್ದಿಗೆ ಅರ್ಥವಿರುವುದಿಲ್ಲ. ನಿರೀಕ್ಷೆಯನ್ನು ಕಟ್ಟುವ ತಾಳ್ಮೆಯಿಲ್ಲದೆ ಮುರಿಯುವ ಆತುರವೊಂದೇ ಇದ್ದುದು ಈ ಚಿತ್ರದ ದೋಷವೆಂದು ನಮ್ಮ ಅಭಿಪ್ರಾಯ. ಹಳೆಯ ಮಸೂರಗಳನ್ನು ಬಳಸಿದ ಶ್ರಮವನ್ನು ಹೊಗಳಿದ ವಿಮರ್ಶಕರುಂಟು. ಶ್ರಮಕ್ಕೆ ಮರ್ಯಾದೆ ಸಲ್ಲತಕ್ಕದ್ದೇ. ಆದರೆ ತಾಳೆಯ ಗರಿಯ ಮೇಲೆ ಬರೆದ ಮಾತ್ರಕ್ಕೆ ಕಾವ್ಯವು ಹಳಗನ್ನಡದ್ದಾಗುವುದಿಲ್ಲ.

ಇನ್ನು ನಿರೀಕ್ಷೆಯ ಪ್ರಶ್ನೆಯು ಅಂಗಡಿಬೀದಿಗೆ ಬಂದ ಪ್ರಸಂಗವೊಂದನ್ನು ನೋಡಬೇಕು. ಅಮೆರಿಕಾದ ದೊಡ್ಡ ನಗರಗಳಲ್ಲಿ, ಮುಖ್ಯವಾಗಿ ನ್ಯೂಯಾರ್ಕಿನ 42ನೆಯ ಬೀದಿಯಲ್ಲಿ, ಅಗ್ಗದ ರಕ್ತಪಾತದ ಚಿತ್ರಗಳನ್ನು ಒಂದೇ ಟಿಕೆಟ್ಟಿಗೆ ಎರಡೆರಡಾಗಿ ತೋರಿಸುವ ಹಳೆಯ ಚಿತ್ರಮಂದಿರಗಳು ಹಿಂದೆ ಇದ್ದುವು; ಅವುಗಳಿಗೆ ‘ಗ್ರೈಂಡ್‌ಹೌಸ್’ ಎಂಬ ಹೆಸರು. ರಾಬರ್ಟ್ ರಾಡ್ರಿಗೆಸ್ ಮತ್ತು ಕ್ವೆಂಟಿನ್ ಟ್ಯಾರಂಟಿನೋ ಎಂಬಿಬ್ಬರು 2007ರಲ್ಲಿ ಅದೇ ಹೆಸರಿನಿಂದ, ‘ಪ್ಲಾನೆಟ್ ಟೆರರ್’ ಮತ್ತು ‘ಡೆತ್ ಪ್ರೂಫ್’ ಎಂಬ ಎರಡು ಚಿತ್ರಗಳನ್ನೂ ನಡುನಡುವೆ ಹುಟ್ಟೇ ಇಲ್ಲದ ಚಿತ್ರಗಳ ಜಾಹೀರಾತುಗಳನ್ನೂ ಸೇರಿಸಿ, 191 ನಿಮಿಷಗಳ ಒಂದು ಪ್ರದರ್ಶನವನ್ನು ಹೊರತಂದರು. ತೆರೆಯ ಮೇಲೆ ಬೇಕೆಂದೇ ಎಳೆದ ಗೀಚುಗಳು. ಒಂದು ಸುರುಳಿ ಕಳೆದುಹೋಗಿದೆಯೆಂಬ ಕ್ಷಮಾಪಣೆಯ ಫಲಕ. ಅಮೆರಿಕಾದಲ್ಲಿ ಅದರ ಗಳಿಕೆ ಸುಮಾರು 2.5 ಕೋಟಿ ಡಾಲರು. ಖರ್ಚು ಅದಕ್ಕಿಂತ ಬಹಳ ಹೆಚ್ಚು. ಬೇರೆ ದೇಶಗಳಲ್ಲಿ ಎರಡನ್ನೂ ಬಿಡಿಸಿ ಬೇರೆಬೇರೆಯಾಗಿ ತೋರಿಸಿದರು.

ಈ ಜೋಡಿಯಲ್ಲಿ ಹೆಚ್ಚು ಬೈಸಿಕೊಂಡುದು ‘ಡೆತ್ ಪ್ರೂಫ್’. ಮೊದಲ ಚಿತ್ರದ ಗದ್ದಲವನ್ನು ನೋಡಿ ಅಂತಹುದೇ ಇನ್ನೊಂದನ್ನು ನಿರೀಕ್ಷಿಸಿದವರಿಗೆ ಕೆಲವು ಹೆಂಗಸರು ಕಾರಿನಲ್ಲಿಯೂ ಪಾನಗೃಹದಲ್ಲಿಯೂ ಕುಳಿತು ಮಾತನಾಡುತ್ತಲೇ ಇರುವುದು ಸಹನೆಯಾಗಲಿಲ್ಲ. ಆದರೆ ಆ ಮಾತುಗಳೇ ಆ ಚಿತ್ರದ ಬಂಡವಾಳ. ಈ ಪ್ರಕಾರದ ಹಳೆಯ ಚಿತ್ರಗಳಲ್ಲಿ ಹೆಂಗಸರು ಸಾಯುವುದಕ್ಕಾಗಿಯೇ ತೆರೆಗೆ ಬರುವವರು. ಅವರ ಹೆಸರೂ ನೆನಪಿನಲ್ಲಿ ಉಳಿಯುವುದಿಲ್ಲ. ಇಲ್ಲಿ ಅವರ ಜಂಭ, ಜಗಳ, ಪ್ರೇಮದ ಆಸೆಗಳನ್ನೆಲ್ಲ ಕೇಳಿದಮೇಲೆ ಕೊಲೆಗಾರನ ಕಾರು ಎದುರಿನಿಂದ ಬಂದು ಬಡಿಯುವುದು. ಆ ಒಂದು ಡಿಕ್ಕಿಯನ್ನು ನಿರ್ದೇಶಕನು ಒಬ್ಬೊಬ್ಬಳಿಗಾಗಿ ಮತ್ತೆ ಮತ್ತೆ ತೋರಿಸುವನು. ಸಂಖ್ಯೆಯಾಗಿದ್ದವರು ಅಲ್ಲಿ ವ್ಯಕ್ತಿಗಳಾಗುವರು. ಉತ್ತರಾರ್ಧದಲ್ಲಿ ಬೇರೆ ಹೆಂಗಸರು ಅದೇ ಕೊಲೆಗಾರನನ್ನು ಬೆನ್ನಟ್ಟಿ ಅಳಿಸುವರು. ಬಿಳಿಯ ಕಾರಿನ ಮುಂಭಾಗಕ್ಕೆ ಆತುಕೊಂಡು ಹೋಗುವ ಸಾಹಸವನ್ನು ಜೋಯಿ ಬೆಲ್ ತಾನೇ ಮಾಡಿ ತೋರಿಸುವಳು. ಆ ಕಾರು ‘ವ್ಯಾನಿಷಿಂಗ್ ಪಾಯಿಂಟ್’ (1971) ಎಂಬ ಚಿತ್ರಕ್ಕೆ ಕಾಣಿಕೆಯೆಂದು ಅಲ್ಲಿಯ ಪಾತ್ರಗಳೇ ಹೇಳಿಕೊಳ್ಳುವುವು. ಅದು ತಿಳಿಯದವನಿಗೂ ಆ ಓಟದಲ್ಲಿ ಉಸಿರು ಬಿಗಿಯುವುದು. ಹೀಗಿರಲು, ‘ಮಾತು ಹೆಚ್ಚು’ ಎಂಬ ಆಕ್ಷೇಪವು ಭಿತ್ತಿಪತ್ರವು ಕೊಟ್ಟ ಮಾತಿಗೆ ಸಲ್ಲುವುದೇ ಹೊರತು ಚಿತ್ರಕ್ಕೆ ಸಲ್ಲದು.

‘ಪ್ಲಾನೆಟ್ ಟೆರರ್’ ಇದಕ್ಕೆ ಎದುರಾದುದು. ಅದು ತಾನು ಕರೆದ ನಿರೀಕ್ಷೆಯನ್ನು ಕರೆದಂತೆಯೇ ಸಲ್ಲಿಸಿತು. ಕಳೆದ ಸುರುಳಿಯ ಹಾಸ್ಯದಲ್ಲಿ ಶೃಂಗಾರದ ನಡುವೆ ಚಿತ್ರವು ಉರಿದುಹೋಗಿ, ಮತ್ತೆ ತೆರೆ ಬೆಳಗುವಷ್ಟರಲ್ಲಿ ಮನೆಯೇ ಹೊತ್ತಿಕೊಂಡಿರುವುದು ನಿಜವಾಗಿಯೂ ನಗೆಯುಕ್ಕಿಸತಕ್ಕದ್ದು. ಆದರೆ ಇದರ ಪಕ್ಷಪಾತಿಗಳು ಹೂಡುವ ಒಂದು ವಾದವನ್ನು ನಾವು ಒಪ್ಪಲಾರೆವು. ಎಲ್ಲಿ ಚೆನ್ನಾಗಿದೆಯೋ ಅಲ್ಲಿ ಹೊಗಳಿಕೆ. ಎಲ್ಲಿ ಕೆಟ್ಟಿದೆಯೋ ಅಲ್ಲಿ ‘ಹಳೆಯ ಚಿತ್ರಗಳು ಕೆಟ್ಟೇ ಇದ್ದುವು, ಇದು ಅವುಗಳಿಗೆ ಕಾಣಿಕೆ’ ಎಂಬ ಸಮಾಧಾನ. ಹೀಗೆ ಯಾವ ಕಡೆಯಿಂದಲೂ ತೀರ್ಪು ತಗುಲದಂತೆ ಕವಚ ತೊಡಿಸಿದ ಕೃತಿಯನ್ನು ಹೊಗಳುವುದಕ್ಕೂ ಅರ್ಥವಿಲ್ಲ. ಬಡತನದಿಂದ ಕೆಟ್ಟ ಚಿತ್ರದಲ್ಲಿ ಒಂದು ಬಗೆಯ ಮುಗ್ಧತೆಯುಂಟು. ಹಣವನ್ನು ಸುರಿದು ಗೀಚು ಬರೆಯಿಸಿದ ಚಿತ್ರದಲ್ಲಿ ಅದು ಇರಲಾರದು. ಮೊದಲನೆಯ ಪಕ್ಷದವರ ಅಳತೆಗೋಲಿನಲ್ಲಿ ಇದಕ್ಕೆ ಪೂರ್ಣಾಂಕ ಬರಬೇಕಾಗುವುದು. ಆ ಅಳತೆಗೋಲು ಸಾಲದೆಂಬುದು ಇದರಿಂದಲೇ ಸ್ಪಷ್ಟ.

ಹಾಸ್ಯದ ಮಾತು ಬಂದುದರಿಂದ ಮೆಲ್ ಬ್ರೂಕ್ಸನ ‘ಯಂಗ್ ಫ್ರಾಂಕೆನ್‌ಸ್ಟೈನ್’ (1974) ಚಿತ್ರವನ್ನು ಬಿಡುವಂತಿಲ್ಲ. ಬ್ರೂಕ್ಸನೂ ಜೀನ್ ವೈಲ್ಡರನೂ ಕೂಡಿ ಬರೆದ ಈ ಚಿತ್ರವನ್ನು ಕಪ್ಪು ಬಿಳುಪಿನಲ್ಲಿಯೇ ತೆಗೆಯಬೇಕೆಂಬ ಹಟಕ್ಕಾಗಿ ಒಂದು ಸಂಸ್ಥೆಯನ್ನು ಬಿಟ್ಟು ಇನ್ನೊಂದಕ್ಕೆ ಹೋಗಬೇಕಾಯಿತು. ಜೇಮ್ಸ್ ವ್ಹೇಲನು 1931ರಲ್ಲಿ ತೆಗೆದ ಮೂಲಚಿತ್ರದ ಪ್ರಯೋಗಶಾಲೆಗೆ ಕೆನೆತ್ ಸ್ಟ್ರಿಕ್‌ಫಾಡನ್ ಎಂಬಾತನು ಮಾಡಿಕೊಟ್ಟಿದ್ದ ಕಿಡಿಕಾರುವ ಯಂತ್ರಗಳು ಆತನ ಬಳಿಯಲ್ಲಿಯೇ ಉಳಿದಿದ್ದುವು. ಅವುಗಳನ್ನೇ ತಂದು ಇಲ್ಲಿ ಬಳಸಿದರು. 1935ರ ಚಿತ್ರದಲ್ಲಿ ಕುರುಡ ಸಂನ್ಯಾಸಿಯೊಬ್ಬನು ಊರೆಲ್ಲ ಅಟ್ಟಿದ ಆ ವಿಕಾರಪ್ರಾಣಿಗೆ ಆಶ್ರಯ ಕೊಡುವ ಭಾಗವು ಬಹು ಕರುಣಾಜನಕವಾದುದು. ಬ್ರೂಕ್ಸನ ಚಿತ್ರದಲ್ಲಿ ಅದೇ ಸಂನ್ಯಾಸಿಯು ಅದೇ ದಯೆಯಿಂದ ಸುಡುವ ಸಾರನ್ನು ಅತಿಥಿಯ ತೊಡೆಯ ಮೇಲೆ ಬಡಿಸುವನು. ಕುಡಿಯುವ ಪಾತ್ರೆಯನ್ನು ಸಂತೋಷದ ಭರದಲ್ಲಿ ಒಡೆಯುವನು. ನಗುತ್ತಿರುವಾಗಲೂ ಆ ಮುದುಕನ ಒಂಟಿತನವು ನಮ್ಮನ್ನು ಬಿಡುವುದಿಲ್ಲ. ಹಾಸ್ಯವು ಕರುಣವನ್ನು ಅಳಿಸದೆ ಅದರ ಮೇಲೆಯೇ ನಿಂತಿರುವುದು.

ಈ ಚಿತ್ರದ ವಿಷಯದಲ್ಲಿ ಇನ್ನೊಂದು ವಿಚಿತ್ರ ನಡೆದಿದೆ. ‘ಸನ್ ಆಫ್ ಫ್ರಾಂಕೆನ್‌ಸ್ಟೈನ್’ (1939) ಎಂಬ ಚಿತ್ರದಲ್ಲಿ ಕ್ರೋ ಎಂಬ ಪೊಲೀಸು ಅಧಿಕಾರಿಯುಂಟು. ಬಾಲ್ಯದಲ್ಲಿ ಆ ಪ್ರಾಣಿಯು ಆತನ ಒಂದು ತೋಳನ್ನು ಕಿತ್ತುಹಾಕಿರುವುದರಿಂದ ಮರದ ಕೈ. ಬಾಣದೆಸೆತದ ಆಟವಾಡುತ್ತ, ಮುಂದಿನ ಎಸೆತಕ್ಕೆ ಬೇಕಾದ ಬಾಣಗಳನ್ನು ಆ ಕೈಯಲ್ಲಿಯೇ ಚುಚ್ಚಿ ಇಟ್ಟುಕೊಳ್ಳುವನು. ಅದು ಎದೆಯನ್ನು ಜುಮ್ಮೆನ್ನಿಸುವ ದೃಶ್ಯ. ಸೈನಿಕನಾಗಬೇಕೆಂದಿದ್ದವನ ಬಾಳು ಹೇಗೆ ಮುರಿಯಿತೆಂಬುದು ಅದರಲ್ಲಿದೆ. ಬ್ರೂಕ್ಸನು ಇದನ್ನು ಕೆಂಪ್ ಎಂಬ ಪಾತ್ರದಲ್ಲಿ ನಗೆಯಾಗಿ ತಿರುಗಿಸಿದನು. 1974ರ ಪ್ರೇಕ್ಷಕರಲ್ಲಿ ಅನೇಕರು ಮೊದಲನೆಯದನ್ನು ಕಂಡವರು. ಇಂದು ಬಹುಮಂದಿ ತರುಣರು ಮೊದಲು ನೋಡುವುದು ಕೆಂಪನನ್ನು. ಕ್ರೋನನ್ನು ಕಾಣುವುದು ಆಮೇಲೆ, ಕಂಡರೆ. ಆಗ ಆ ಗಂಭೀರವಾದ ಹಳೆಯ ದೃಶ್ಯದಲ್ಲಿ, ಬಾಣವು ಮರದ ಕೈಗೆ ನಾಟುವ ಹೊತ್ತಿಗೆ ಸರಿಯಾಗಿ, ಅವರಿಗೆ ನಗು ಬರುವುದು.